ಹತ್ತಿರದ ಕಾಲೇಜು ಅಂದ್ರೆ ಯಾವುದು? ಪ್ರಥಮ ಪಿಯುಸಿಯಲ್ಲೇ ಹುಡುಕೋಕೆ ಹೊರಟ ಮನೆಯವರಿಗೆ

ನನ್ನ ಮಗಳು ಈಗ ಪ್ರಥಮ ಪಿಯುಸಿ, ಪಿಸಿಎಂಬಿ. "ಇನ್ನೂ ಎರಡು ವರ್ಷ ಐತಲ್ರೀ, ಈಗ್ಲೇ ಕಾಲೇಜು ಯಾಕ ಹುಡುಕ್ತೀರಿ?" ಅಂತ ನೆಂಟರು ಕೇಳುತ್ತಾರೆ. ನಾನು ಕೊಪ್ಪಳ ಜಿಲ್ಲೆ ಕಾರಟಗಿ ಹತ್ತಿರದ ಹಳ್ಳಿಯಲ್ಲಿ ಶಾಲೆ ಟೀಚರ್. ಮಗನ ಸಲ ನಾವೂ ಹೀಗೇ ಅಂದುಕೊಂಡು ಕೂತಿದ್ದೆವು. ಸಿಇಟಿ ರಿಸಲ್ಟ್ ಬಂದ ಮೇಲೆ ಓಡಾಟ ಶುರುವಾಯಿತು. ನಾಲ್ಕು ವರ್ಷದ ಓದನ್ನು ಹದಿನೈದು ದಿನದಲ್ಲಿ ನಿರ್ಧಾರ ಮಾಡಿದೆವು. ನಮ್ಮ ಭಾಗದ ಮಕ್ಕಳಿಗೆ ಸೀಟು ಮೀಸಲು ಸಿಗೋಕೆ ಬೇಕಾದ 371 ಜೆ ಪ್ರಮಾಣಪತ್ರ ಕೈಯಲ್ಲಿರಲಿಲ್ಲ, ಹಾಗಾಗಿ ಅರ್ಜಿಯಲ್ಲಿ ಆ ಕೋಟಾ ಕೇಳಲೇ ಇಲ್ಲ. ಅವನ ರ‍್ಯಾಂಕಿಗೆ ಬಳ್ಳಾರಿಯಲ್ಲೇ ಬೇಕಾದ ಬ್ರಾಂಚು ಸಿಗುತ್ತಿತ್ತು ಅಂತ ಕಟಾಫ್ ಪಟ್ಟಿ ನೋಡಿದಾಗ ಗೊತ್ತಾಯಿತು. ಅಷ್ಟರಲ್ಲಿ ಬೆಂಗಳೂರಿನ ಹೊರಗಿನ ಒಂದು ಖಾಸಗಿ ಕಾಲೇಜಿಗೆ ದುಡ್ಡು ಕಟ್ಟಿ ಆಗಿತ್ತು. ನಮಗೆ ತೋರಿಸಿದ ಹಾಸ್ಟೆಲ್ ಬೇರೆ, ಅವನಿಗೆ ಕೊಟ್ಟ ಹಾಸ್ಟೆಲ್ ಬೇರೆ. ಮೊದಲ ವರ್ಷ ಅವನಿಗೆ ಎರಡು ಸಲ ಜ್ವರ ಬಂತು. ಎರಡೂ ಸಲ ನಾನು ಹೋಗಿ ಮುಟ್ಟುವ ಹೊತ್ತಿಗೆ ಜ್ವರ ಇಳಿದಿತ್ತು.

ಅದಕ್ಕೇ ಮಗಳ ಸಲ ಈಗಿಂದಲೇ ಹುಡುಕುತ್ತಿದ್ದೇನೆ. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರನ್ನೂ ಹೋಲಿಸಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮಂಥ ತಾಲೂಕು ಊರಿನವರಿಗೆ ಉಪಯೋಗ ಆಗಬಹುದು.

ಕಾಲೇಜಿಗಿಂತ ಮೊದಲು ಕಾಗದ

ಹತ್ತಿರದ ಕಾಲೇಜನ್ನೇ ಮೊದಲು ನೋಡಿ ಅಂತ ನಾನು ಹೇಳುವುದಕ್ಕೆ ಮಕ್ಕಳ ಮೇಲಿನ ಮಮತೆಯೊಂದೇ ಕಾರಣ ಅಲ್ಲ. ಸಂವಿಧಾನದ 371 ಜೆ ವಿಧಿ 2013ರಿಂದ ಜಾರಿಯಲ್ಲಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಆಮೇಲೆ ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ಈ ಜಿಲ್ಲೆಗಳ ಸ್ಥಳೀಯರಿಗೆ ಇಲ್ಲಿನ ಕಾಲೇಜುಗಳ ರಾಜ್ಯ ಕೋಟಾ ಸೀಟುಗಳಲ್ಲಿ ಶೇ 70 ಮೀಸಲು. ರಾಜ್ಯದ ಉಳಿದ ಕಡೆ ಶೇ 8. ಎರಡು ಅಂಕಿಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬಳ್ಳಾರಿಯಲ್ಲಿ ಸಿಗುವ ಬ್ರಾಂಚು ಅದೇ ರ‍್ಯಾಂಕಿಗೆ ಮೈಸೂರಿನಲ್ಲಿ ಸಿಗದೇ ಹೋಗಬಹುದು. ಇಲ್ಲಿ ನಮ್ಮ ಮಕ್ಕಳಿಗೆ ಬಾಗಿಲು ಅಗಲವಾಗಿ ತೆರೆದಿದೆ. ಆದರೆ ಕಾಗದ ಬೇಕು.

ಈ ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಕೊಪ್ಪಳ ಜಿಲ್ಲೆಯವರಿಗೆ ಕೊಪ್ಪಳದಲ್ಲೇ ಎಸಿ ಆಫೀಸು. ಸಿಂಧನೂರು, ಮಸ್ಕಿ ಕಡೆಯವರಿಗೆ ಲಿಂಗಸುಗೂರು. ತಂದೆ-ತಾಯಿಯ ಶಾಲೆ ದಾಖಲೆ, ವಾಸದ ದಾಖಲೆ ಎಲ್ಲ ಕೇಳುತ್ತಾರೆ. ನಮ್ಮ ಮನೆಯಲ್ಲಿ ತಡ ಆಗಿದ್ದು ಇಲ್ಲೇ. ನನ್ನ ಯಜಮಾನರ ಹಳೇ ಟಿಸಿಯಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಮೇ ತಿಂಗಳ ಬಿಸಿಲಲ್ಲಿ ಸಾವಿರ ಜನರ ಜೊತೆ ನಿಂತು ಇದನ್ನು ಸರಿಪಡಿಸೋಕೆ ಆಗಲ್ಲ. ಪ್ರಥಮ ಪಿಯುಸಿಯ ದಸರಾ ರಜೆಯಲ್ಲಿ ಆರಾಮಾಗಿ ಆಗುತ್ತೆ.

ಇದರ ಜೊತೆಗೇ ಇನ್ನೆರಡು. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಕೋಟಾ. ಶಾಲೆ ಮುಖ್ಯಸ್ಥರ ಸಹಿ ಆಗಿ, ಬಿಇಒ ಅವರ ಮೇಲುಸಹಿ ಆಗಬೇಕು. ಏಳನೇ ಕ್ಲಾಸಿನ ತನಕ ಹಳ್ಳಿ, ಎಂಟರಿಂದ ಗಂಗಾವತಿ ಅಂತಿದ್ದರೆ ಗ್ರಾಮೀಣ ಕೋಟಾ ಹೋಯಿತು, ಕನ್ನಡ ಮಾಧ್ಯಮ ಉಳಿಯಿತು. ಟೀಚರ್ ಆಗಿ ನಾನೇ ಎಷ್ಟೋ ಮಕ್ಕಳಿಗೆ ಈ ಫಾರ್ಮ್ ಬರೆದುಕೊಟ್ಟಿದ್ದೇನೆ. ಬರುವವರಲ್ಲಿ ಮುಕ್ಕಾಲು ಜನ ಕೊನೇ ದಿನವೇ ಬರುತ್ತಾರೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸಿಇಟಿ ಅರ್ಜಿಗೂ ಬೇಕು, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್‌ಗೂ ಬೇಕು. ಅದನ್ನೂ ಈಗಲೇ ತೆಗೆದಿಡಿ, ಅವಧಿ ಮುಗಿಯುವ ತಾರೀಕು ನೋಡಿಕೊಳ್ಳಿ.

ಒಂದು ವಿಷಯ ನೆನಪಿರಲಿ. ರಾಯಚೂರಿನ ಐಐಐಟಿ 2019ರಲ್ಲಿ ಬಂತು. ನಮ್ಮೂರಿನ ಪಕ್ಕದ್ದೇ ಅಂತ ಹೆಮ್ಮೆ ಇದೆ. ಆದರೆ ಅದಕ್ಕೆ ಜೆಇಇ ಮೇನ್ ಬರೆಯಬೇಕು, ದೇಶದ ಎಲ್ಲರ ಜೊತೆ ಪೈಪೋಟಿ. ಅಲ್ಲಿ 371 ಜೆ ನಡೆಯಲ್ಲ. ಕಲಬುರಗಿ ಜಿಲ್ಲೆ ಕಡಗಂಚಿಯ ಕೇಂದ್ರೀಯ ವಿವಿಯೂ ಕೇಂದ್ರದ್ದೇ, ಅದಕ್ಕೆ ಸಿಯುಇಟಿ ಪರೀಕ್ಷೆ. ಹಾಗೇ ರಾಯಚೂರಿನ ಕೆಲವರಿಗೆ ಕರ್ನೂಲು, ಬಳ್ಳಾರಿಯವರಿಗೆ ಅನಂತಪುರ ಹತ್ತಿರ ಅನ್ನಿಸುತ್ತೆ. ಗಡಿ ದಾಟಿದರೆ ನಮ್ಮ ಸಿಇಟಿ ಕೋಟಾ ಯಾವುದೂ ಜೊತೆಗೆ ಬರಲ್ಲ.

ಹತ್ತಿರ ಅನ್ನೋದನ್ನ ಯಾವುದರಿಂದ ಅಳೀಬೇಕು?

ಕಿಲೋಮೀಟರ್‌ನಿಂದ ಅಳೆಯಬೇಡಿ. ಸಂಜೆ ಕೊನೇ ಪ್ರಾಕ್ಟಿಕಲ್ ಮುಗಿದ ಮೇಲೆ ಮಗು ಮನೆಗೆ ಬರೋಕೆ ಬಸ್ಸಿದೆಯಾ, ಎಷ್ಟು ಹೊತ್ತಿಗೆ ಇದೆ, ಅದರಲ್ಲಿ ಸೀಟು ಸಿಗುತ್ತಾ, ಅದರಿಂದ ಅಳೆಯಿರಿ.

ನಾನೂ ಮಗಳೂ ಒಂದು ಬುಧವಾರ ಪ್ರಯೋಗ ಮಾಡಿ ನೋಡಿದೆವು. ದಿನಾ ಕೊಪ್ಪಳಕ್ಕೆ ಹೋಗಿ ಬರೋದಾದ್ರೆ ಹೇಗಿರುತ್ತೆ ಅಂತ. ಬೆಳಿಗ್ಗೆ ಆರೂ ಕಾಲಿಗೆ ಬಸ್ ಸ್ಟ್ಯಾಂಡಿನಲ್ಲಿದ್ದೆವು. ಬೇಕಂತಲೇ ಅವಳ ಬ್ಯಾಗಿಗೆ ಎಲ್ಲ ಪುಸ್ತಕ, ರೆಕಾರ್ಡ್, ರೊಟ್ಟಿ ಡಬ್ಬಿ, ನೀರಿನ ಬಾಟಲಿ ಹಾಕಿದ್ದೆ. ಗಂಗಾವತಿವರೆಗೆ ನಿಂತೇ ಹೋದೆವು. ಅಲ್ಲಿ ಬಸ್ ಬದಲಿಸಿ, ಗಿಣಿಗೇರಾ ದಾಟಿದ ಮೇಲೆ ಅವಳಿಗೆ ಕೂರಲು ಜಾಗ ಸಿಕ್ಕಿತು. ಸಂಜೆ ಮನೆ ಸೇರಿದಾಗ ಏಳೂ ಮುಕ್ಕಾಲು. ಕೈಕಾಲು ತೊಳೆದು ಉಂಡು ಕೆಮಿಸ್ಟ್ರಿ ಪುಸ್ತಕ ತೆಗೆದಳು. ಹತ್ತು ನಿಮಿಷ ಬಿಟ್ಟು ನೋಡಿದರೆ ಪುಸ್ತಕದ ಮೇಲೇ ಕೆನ್ನೆ ಇಟ್ಟು ಮಲಗಿದ್ದಳು. ಪೆನ್ನು ಇನ್ನೂ ಬೆರಳಲ್ಲೇ ಇತ್ತು.

ಆ ಒಂದು ದಿನ ನೂರು ಜನರ ಸಲಹೆಗಿಂತ ಜಾಸ್ತಿ ಕಲಿಸಿತು. ನನ್ನ ಲೆಕ್ಕ ಈಗ ಹೀಗಿದೆ. ಒಂದು ಕಡೆಗೆ ಒಂದು ತಾಸಿನೊಳಗೆ ಆದ್ರೆ ದಿನಾ ಓಡಾಟ ಪರವಾಗಿಲ್ಲ. ಒಂದೂವರೆ ತಾಸು ದಾಟಿದರೆ ಬಿ.ಎ., ಬಿ.ಕಾಂ.ನವರಿಗೆ ಹೇಗೋ ನಡೆಯಬಹುದು, ಲ್ಯಾಬ್ ಇರುವ ಕೋರ್ಸಿಗೆ ಬೇಡವೇ ಬೇಡ. ಅಂಥ ಕಡೆ ಹಾಸ್ಟೆಲ್ ನೋಡಿ.

ಖರ್ಚಿನ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ವ್ಯತ್ಯಾಸ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹುಡುಗರು ಪಾಸ್ ಮಾಡಿಸಬೇಕು. ಹುಡುಗಿಯರ ಮನೆಯಲ್ಲಿ "ಬಸ್ಸು ಪುಕ್ಕಟೆ, ಹಾಸ್ಟೆಲ್ ಯಾಕೆ?" ಅನ್ನುವ ಮಾತು ಬೇಗ ಬರುತ್ತೆ. ಟಿಕೆಟ್ ಪುಕ್ಕಟೆ, ಮಗಳ ನಿದ್ದೆ ಪುಕ್ಕಟೆ ಅಲ್ಲ.

ರೈಲನ್ನೂ ನೋಡಿ. ಹುಬ್ಬಳ್ಳಿ–ಗುಂತಕಲ್ ಮಾರ್ಗದಲ್ಲಿ ಕೊಪ್ಪಳ, ಮುನಿರಾಬಾದ್, ಹೊಸಪೇಟೆ, ತೋರಣಗಲ್ಲು, ಬಳ್ಳಾರಿ ಸಾಲಾಗಿ ಬರುತ್ತವೆ. ಗಿಣಿಗೇರಾದಿಂದ ರಾಯಚೂರು ಕಡೆಗಿನ ಹೊಸ ಮಾರ್ಗದಲ್ಲಿ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನ ತನಕ ರೈಲು ಬಂದಿದೆ. ವಾರಕ್ಕೊಮ್ಮೆ ಮನೆಗೆ ಬರುವವರಿಗೆ ಚೆನ್ನಾಗಿದೆ. ದಿನಾ ಹೋಗುವವರು ರೈಲಿನ ವೇಳೆ ಕಾಲೇಜಿನ ವೇಳೆಗೆ ಹೊಂದುತ್ತಾ ಅಂತ ನೋಡಿಕೊಳ್ಳಿ.

ನಮ್ಮ ಕಡೆಯವರಿಗಷ್ಟೇ ಗೊತ್ತಿರುವ ಇನ್ನೊಂದು ಸಂಗತಿ ಕಂಪ್ಲಿ ಸೇತುವೆ. ಗಂಗಾವತಿಯಿಂದ ಬಳ್ಳಾರಿಗೆ ಕಂಪ್ಲಿ ಮೇಲೆ ಹೋದರೆ ಹತ್ತಿರ. ತುಂಗಭದ್ರಾ ಡ್ಯಾಮ್ ತುಂಬಿ ಹೊಳೆಗೆ ಜಾಸ್ತಿ ನೀರು ಬಿಟ್ಟಾಗ ಆ ಸೇತುವೆ ಮುಳುಗುತ್ತೆ, ಸಂಚಾರ ನಿಲ್ಲಿಸುತ್ತಾರೆ. ಆಗ ಹೊಸಪೇಟೆ ಸುತ್ತಬೇಕು. ಇದು ಆಗೋದು ಮಳೆಗಾಲದಲ್ಲಿ, ಅಂದ್ರೆ ಕಾಲೇಜು ಶುರುವಾಗುವ ದಿನಗಳಲ್ಲೇ.

ಯಾವ ಓದಿಗೆ ಯಾವ ಊರು

ಎಂಜಿನಿಯರಿಂಗ್‌ಗೆ ಬಳ್ಳಾರಿ ಮುಂದಿದೆ ಅಂತ ನನಗನ್ನಿಸುತ್ತೆ. ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಕಾಲೇಜು 1980ರದ್ದು, ಬಿಐಟಿಎಂ 1997ರದ್ದು. ಪಕ್ಕದ ಹೊಸಪೇಟೆಯಲ್ಲಿ ಪ್ರೌಢದೇವರಾಯ ಕಾಲೇಜಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಣ್ಣೆದುರೇ ಇರೋದರಿಂದ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮಕ್ಕಳಿಗೆ ಓದಿದ್ದನ್ನು ನೋಡುವ ಜಾಗ ಹತ್ತಿರ. ರಾಯಚೂರಿನಲ್ಲಿ ಎಸ್‌ಎಲ್‌ಎನ್, ನವೋದಯ ಮತ್ತು ಯರಮರಸ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಕೊಪ್ಪಳ ಜಿಲ್ಲೆಯಲ್ಲಿ ತಳಕಲ್ ಮತ್ತು ಗಂಗಾವತಿಯ ಸರ್ಕಾರಿ ಕಾಲೇಜುಗಳು. ಫೀಸಿನಲ್ಲಿ ಸರ್ಕಾರಿ ಕಾಲೇಜುಗಳನ್ನು ಯಾರೂ ಮೀರಿಸಲ್ಲ. ಆದರೆ ಹೊಸ ಸರ್ಕಾರಿ ಕಾಲೇಜಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: ಈ ಬ್ರಾಂಚಿನಲ್ಲಿ ಕಾಯಂ ಉಪನ್ಯಾಸಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಅತಿಥಿಗಳು ಚೆನ್ನಾಗಿ ಕಲಿಸಲ್ಲ ಅಂತಲ್ಲ. ಅವರ ನೇಮಕ ತಡವಾದ ವರ್ಷ ಪಾಠವೂ ತಡವಾಗುತ್ತೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸಿಇಟಿ ನಡೆಸುವ ಕೆಇಎ ತನ್ನ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟಾಫ್ ಹಾಕುತ್ತದೆ. ಹೈದರಾಬಾದ್ ಕರ್ನಾಟಕ ಕೋಟಾದ್ದು, ಅಂದ್ರೆ ನಮ್ಮ 371 ಜೆ ಕೋಟಾದ್ದು, ಬೇರೆಯಾಗಿಯೇ ಇರುತ್ತೆ. ನೀವು ನೋಡಬೇಕಾದ್ದು ಅದನ್ನ. ಎರಡು ಮೂರು ವರ್ಷದ್ದು ನೋಡಿ, ಒಂದೇ ವರ್ಷದ್ದು ನೋಡಿ ಖುಷಿನೂ ಪಡಬೇಡಿ, ಹೆದರಲೂ ಬೇಡಿ.

ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ಗಣಿತ ಪರವಾಗಿಲ್ಲ, ಕೈಕೆಲಸ ಇಷ್ಟ ಅನ್ನುವ ಮಕ್ಕಳಿಗೆ ಪಿಯು ಸೈನ್ಸ್‌ಗಿಂತ ಇದೇ ಒಳ್ಳೆಯದು. ಕೋಚಿಂಗ್ ಖರ್ಚೂ ಉಳಿಯುತ್ತೆ.

ಕೃಷಿ ಓದುವವರಿಗೆ ರಾಯಚೂರು. ಲಿಂಗಸುಗೂರು ರಸ್ತೆಯಲ್ಲಿ ಕೃಷಿ ವಿವಿ ಇದೆ, ಬಿಎಸ್ಸಿ ಕೃಷಿಯೂ ಇದೆ, ಕೃಷಿ ಎಂಜಿನಿಯರಿಂಗೂ ಇದೆ. ಅದರ ಕಾಲೇಜುಗಳು ಭೀಮರಾಯನಗುಡಿ, ಕಲಬುರಗಿ ಸೇರಿ ಬೇರೆ ಕಡೆಯೂ ಇವೆ. ಇಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸಬೇಕು. ಗದ್ದೆಯಲ್ಲಿ ಬೆಳೆದ ಮಗುವಿಗೆ ಇದು ಕಷ್ಟ ಅಲ್ಲ. ಆದರೆ ಭತ್ತ ಬಿಟ್ಟು ಬೇರೇನೂ ನೋಡದ ನಮ್ಮ ಕಾಲುವೆ ಕಡೆಯ ಮಕ್ಕಳು ತೊಗರಿ, ಜೋಳ, ಸಜ್ಜೆ, ಹತ್ತಿ ಹೊಲಗಳನ್ನೂ ಸುತ್ತಬೇಕು. ಬಿಎಸ್ಸಿ ಕೃಷಿಯ ರ‍್ಯಾಂಕಿಗೆ ಜೀವಶಾಸ್ತ್ರದ ಅಂಕವೂ ಸೇರುತ್ತೆ, ನೆನಪಿರಲಿ.

ಬಿ.ಎ., ಬಿ.ಕಾಂ., ಬಿಎಸ್ಸಿಗೆ ದೂರ ಹೋಗುವ ಅಗತ್ಯ ನನಗಂತೂ ಕಾಣಲ್ಲ. ಗಂಗಾವತಿಯ ಕೊಲ್ಲಿ ನಾಗೇಶ್ವರರಾವ್ ಸರ್ಕಾರಿ ಕಾಲೇಜು, ಕೊಪ್ಪಳದ ಗವಿಸಿದ್ಧೇಶ್ವರ ಕಾಲೇಜು, ಬಳ್ಳಾರಿಯ ವೀರಶೈವ ಕಾಲೇಜು, ರಾಯಚೂರಿನ ಎಲ್‌ವಿಡಿ ಕಾಲೇಜು, ಎಲ್ಲವೂ ತಲೆಮಾರುಗಳನ್ನು ಓದಿಸಿದ ಜಾಗಗಳು. ಮನೆಯಲ್ಲಿ ಬಡತನ ಇದ್ದರೆ ಕೊಪ್ಪಳದ ಗವಿಮಠವನ್ನು ಮರೆಯಬೇಡಿ. ಸಾವಿರಾರು ಮಕ್ಕಳಿಗೆ ಅಲ್ಲಿ ಊಟ, ವಸತಿ ಉಚಿತ. ಆ ದಾಸೋಹದಲ್ಲಿ ಉಂಡು ಓದಿ ನೌಕರಿ ಹಿಡಿದವರು ನಮ್ಮ ಶಾಲೆಯಲ್ಲೇ ಇದ್ದಾರೆ. ಕೇಳಬೇಕಾದ ಇನ್ನೊಂದು ಪ್ರಶ್ನೆ: ಡಿಗ್ರಿ ಸರ್ಟಿಫಿಕೇಟ್ ಯಾವ ವಿಶ್ವವಿದ್ಯಾಲಯದ್ದು? 2010ರಲ್ಲಿ ಶುರುವಾದ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿವಿ ಅಡಿಯಲ್ಲೇ ಮೊದಲು ಕೊಪ್ಪಳದ ಕಾಲೇಜುಗಳೂ ಇದ್ದವು. ಆಮೇಲೆ ಕೊಪ್ಪಳಕ್ಕೂ ರಾಯಚೂರಿಗೂ ಬೇರೆ ವಿವಿಗಳು ಬಂದವು. ಸೇರುವ ದಿನ ಇದನ್ನು ಕೇಳಿಟ್ಟುಕೊಂಡರೆ ಮುಂದೆ ಅಂಕಪಟ್ಟಿಗೆ ಅಲೆದಾಟ ತಪ್ಪುತ್ತೆ.

ಇನ್ನು ವೈದ್ಯಕೀಯ. ಮೂರೂ ಜಿಲ್ಲೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇವೆ: ಬಳ್ಳಾರಿಯದು 1961ರದ್ದು, ಜನ ಇನ್ನೂ ವಿಮ್ಸ್ ಅಂತಲೇ ಕರೀತಾರೆ. ರಾಯಚೂರಿನ ರಿಮ್ಸ್ 2007, ಕೊಪ್ಪಳದ ಕಿಮ್ಸ್ 2015. ಎಂಬಿಬಿಎಸ್‌ಗೆ ನೀಟ್. ಮೂರರಲ್ಲಿ ಯಾವುದು ಸಿಕ್ಕರೂ ಕಣ್ಣುಮುಚ್ಚಿ ಸೇರಿಸಿ ಅನ್ನೋದು ಬಿಟ್ಟು ನನ್ನ ಹತ್ತಿರ ಬೇರೆ ಸಲಹೆ ಇಲ್ಲ.

ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಬಿಎಸ್ಸಿ ನರ್ಸಿಂಗ್ ಬಗ್ಗೆ. ನನ್ನ ಮಗಳಿಗೆ ಬೇಕಾಗಿರೋದು ಅದೇ. "ಪಿಸಿಎಂಬಿ ಓದಿ ನರ್ಸ್ ಆಗ್ತೀಯಾ?" ಅಂತ ಅವಳ ಕಾಕಾ ಕೇಳಿದಾಗ, "ಹೌದು ಕಾಕಾ, ಅಜ್ಜಿ ಐಸಿಯುನಾಗ ಇದ್ದಾಗ ಡಾಕ್ಟ್ರು ದಿನಕ್ಕೆರಡು ಸಲ ಬರ್ತಿದ್ರು, ಸಿಸ್ಟರ್ ರಾತ್ರಿಯೆಲ್ಲ ಇರ್ತಿದ್ರು" ಅಂದಳು. ಮತ್ತೆ ಯಾರೂ ಮಾತಾಡಲಿಲ್ಲ.

ನರ್ಸಿಂಗ್ ಕಾಲೇಜುಗಳು ನಮ್ಮ ಕಡೆ ಬೇಕಾದಷ್ಟಿವೆ. ಅವನ್ನು ಹೋಲಿಸಲು ಒಂದೇ ಅಳತೆ ಸಾಕು, ಆಸ್ಪತ್ರೆ. ಕಾಲೇಜಿನ ಸ್ವಂತ ಆಸ್ಪತ್ರೆ ಇದೆಯಾ? ಅದರಲ್ಲಿ ರೋಗಿಗಳಿದ್ದಾರಾ, ಅಥವಾ ಬರೀ ಮಂಚಗಳಿವೆಯಾ? ನಾವು ನೋಡಿದ ಒಂದು ಖಾಸಗಿ ಕಾಲೇಜಿನಲ್ಲಿ ವಾರ್ಡ್ ಅಂತ ತೋರಿಸಿದ ಕೋಣೆಯಲ್ಲಿ ಹಾಸಿಗೆಗಳ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಬಿಳಿ ಗೋಡೆ, ಹೊಸ ಸಲೈನ್ ಸ್ಟ್ಯಾಂಡು, ಒಬ್ಬ ರೋಗಿ ಇಲ್ಲ. ಬಳ್ಳಾರಿ, ರಾಯಚೂರಿನ ಸರ್ಕಾರಿ ವೈದ್ಯಕೀಯ ಸಂಸ್ಥೆಗಳ ಜೊತೆ ನರ್ಸಿಂಗ್ ಕಾಲೇಜೂ ಇದೆ. ಅಲ್ಲಿನ ವಾರ್ಡಿನಲ್ಲಿ ಕಾಲಿಡಲು ಜಾಗ ಇರಲ್ಲ. ಕಲಿಯುವವರಿಗೆ ಅದೇ ಬೇಕಾಗಿರೋದು. ಈಗ ಈ ಸೀಟುಗಳೂ ಕೆಇಎ ಮೂಲಕವೇ, ಸಿಇಟಿ ಬರೆಯಬೇಕು.

ನರ್ಸಿಂಗ್‌ಗೆ ದಿನಾ ಓಡಾಟ ಆಗಲ್ಲ. ವಾರ್ಡ್ ಪಾಳಿ ಬೆಳಿಗ್ಗೆ ಬೇಗ ಶುರುವಾಗುತ್ತೆ, ಮುಂದೆ ರಾತ್ರಿ ಪಾಳಿಯೂ ಬರುತ್ತೆ. ಇಲ್ಲಿ 'ಹತ್ತಿರ' ಅನ್ನೋದರ ಅರ್ಥ ಬೇರೆ. ಅವಳು ಮನೆಗೆ ಬರೋಕೆ ಎಷ್ಟು ಹೊತ್ತು ಅನ್ನೋದಕ್ಕಿಂತ, ಅವಳಿಗೆ ಹುಷಾರಿಲ್ಲ ಅಂದ್ರೆ ನಾನು ಹೋಗಿ ಮುಟ್ಟೋಕೆ ಎಷ್ಟು ಹೊತ್ತು ಅನ್ನೋದು.

ಹೋಗಿ ನೋಡುವಾಗ

ಅಡ್ಮಿಷನ್ ಹೊತ್ತಲ್ಲಿ ಹೋದರೆ ಎಲ್ಲ ಕಾಲೇಜೂ ಚಂದ ಕಾಣುತ್ತೆ. ಸುಣ್ಣ ಹೊಡೆದಿರ‍್ತಾರೆ, ಶಾಮಿಯಾನ ಹಾಕಿರ‍್ತಾರೆ. ನೀವು ನವೆಂಬರ್‌ನಲ್ಲೋ ಫೆಬ್ರವರಿಯಲ್ಲೋ ವಾರದ ಮಧ್ಯೆ ಹೋಗಿ. ಏಪ್ರಿಲ್‌ನಲ್ಲಿ ಇನ್ನೊಂದು ಸಲ ಹೋಗಲು ಆದ್ರೆ ಇನ್ನೂ ಒಳ್ಳೇದು. ರಾಯಚೂರಿನ ಬಿಸಿಲಲ್ಲಿ ಹಾಸ್ಟೆಲಿನ ಮೇಲಿನ ಮಹಡಿ ಹೇಗಿರುತ್ತೆ, ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತೆ ಅಂತ ಆಗ ಗೊತ್ತಾಗುತ್ತೆ.

ಪ್ರಿನ್ಸಿಪಾಲರ ಕೋಣೆಗಿಂತ ಮೊದಲು ನೋಟಿಸ್ ಬೋರ್ಡ್ ನೋಡಿ. ಕೊನೇ ನೋಟಿಸಿನ ತಾರೀಕು ಏನು? ಲ್ಯಾಬಿನ ಬ್ಯುರೆಟ್ ಮೇಲೆ ಧೂಳಿದೆಯಾ? ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಸರಿ ಇದೆಯಾ? ಹಾಸ್ಟೆಲ್ ಮಕ್ಕಳ ಜೊತೆ ವಾರ್ಡನ್ ಇಲ್ಲದಾಗ ಮಾತಾಡಿ. ನೀವಲ್ಲ, ನಿಮ್ಮ ಮಗಳು ಮಾತಾಡಲಿ. ನನಗೆ "ಎಲ್ಲ ಚೊಲೋ ಐತ್ರಿ ಆಂಟಿ" ಅಂದ ಹುಡುಗಿಯೇ, ನನ್ನ ಮಗಳಿಗೆ ಮೆಸ್ಸಿನ ಸಾರಿನ ಕಥೆಯನ್ನೆಲ್ಲ ಹೇಳಿದ್ದಳು.

ದುಡ್ಡಿನ ಮಾತು ಬಂದರೆ ಟ್ಯೂಷನ್ ಫೀಸು ಒಂದನ್ನೇ ಕೇಳಿ ಬರಬೇಡಿ. ಹಾಸ್ಟೆಲ್, ಮೆಸ್, ಬಸ್, ಪರೀಕ್ಷೆ, ಯೂನಿಫಾರ್ಮ್, 'ಇತರೆ' ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡದ ಜಾಗವನ್ನು ನಾನು ಪಟ್ಟಿಯಿಂದ ತೆಗೆದೆ. ಸರ್ಕಾರಿ ಹಾಸ್ಟೆಲ್ ಸಿಗದ ಅರ್ಹ ಮಕ್ಕಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ಅಂತ ಹತ್ತು ತಿಂಗಳು ದುಡ್ಡು ಬರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು.

ದೂರ ಹೋಗಲೇಬೇಕಾದವರು

ಎಲ್ಲರೂ ಹತ್ತಿರವೇ ಓದಬೇಕು ಅಂತ ನಾನು ಹೇಳಲ್ಲ. ತುಂಬಾ ಒಳ್ಳೆಯ ರ‍್ಯಾಂಕ್ ಬಂದು ರಾಜ್ಯದ ದೊಡ್ಡ ಕಾಲೇಜಿನಲ್ಲಿ ಬೇಕಾದ ಬ್ರಾಂಚು ಸಿಗುತ್ತೆ ಅಂದ್ರೆ ಕಳಿಸಿ. ಇಲ್ಲಿ ಇಲ್ಲದ ಕೋರ್ಸ್ ಬೇಕು ಅಂದ್ರೂ ಕಳಿಸಿ. ಕೊಪ್ಪಳದವರಿಗೆ ಹುಬ್ಬಳ್ಳಿ-ಧಾರವಾಡ ಬೆಂಗಳೂರಿಗಿಂತ ಎಷ್ಟೋ ವಾಸಿ, ನೇರ ರೈಲಿದೆ. ಆದರೆ ಬರೀ ಬೆಂಗಳೂರು ಅನ್ನೋ ಹೆಸರಿಗೆ, ಹೆಸರೇ ಕೇಳದ ಕಾಲೇಜಿಗೆ ಎಕರೆ ಮಾರಿ ಕಳಿಸಬೇಡಿ. ನಾವು ಹೊಲ ಮಾರಲಿಲ್ಲ, ಸಾಲ ಮಾಡಿದೆವು. ಅದು ಇನ್ನೂ ತೀರಿಲ್ಲ.

ಕೆಇಎಗೆ ಆಪ್ಷನ್ ಹಾಕುವಾಗಲೂ, ಅಂದ್ರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗಲೂ, ಇದೇ ಎಚ್ಚರ ಇರಲಿ. ಕಳಿಸಲು ಮನಸ್ಸಿಲ್ಲದ ಕಾಲೇಜನ್ನು ಸುಮ್ನೆ ಪಟ್ಟಿ ತುಂಬಿಸೋಕೆ ಹಾಕಬೇಡಿ. ಅದೇ ಅಲಾಟ್ ಆಗಿಬಿಡುತ್ತೆ.

ನಮ್ಮ ಮನೆಯ ಪಟ್ಟಿ ಸದ್ಯಕ್ಕೆ ಹೀಗಿದೆ: ಮೊದಲು ಬಳ್ಳಾರಿಯ ಸರ್ಕಾರಿ ನರ್ಸಿಂಗ್ ಕಾಲೇಜು, ಎರಡನೆಯದು ರಾಯಚೂರಿನದು. ಎರಡೂ ಸಿಗದಿದ್ದರೆ ಗಂಗಾವತಿಯಲ್ಲಿ ಬಿಎಸ್ಸಿ, ಮನೆಯಿಂದಲೇ ಓಡಾಟ. ಈ ಸಲ 371 ಜೆ ಪ್ರಮಾಣಪತ್ರ ಬಂದಾಗಿದೆ, ಲ್ಯಾಮಿನೇಷನ್ ಮಾಡಿಸದೆ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದೇನೆ. ರಾಯಚೂರಿಗೆ ಏಪ್ರಿಲ್‌ನಲ್ಲಿ ಹೋಗುತ್ತೇವೆ. ಬಳ್ಳಾರಿಗೆ ಹೋಗುವುದನ್ನು ಮಾತ್ರ ಮಗಳು ಆಗಸ್ಟ್‌ಗೆ ಇಟ್ಟಿದ್ದಾಳೆ. "ಅವ್ವಾ, ಕಂಪ್ಲಿ ಬ್ರಿಜ್ ಬಂದ್ ಆದ ದಿನಾನೇ ಹೋಗೋಣ. ಸುತ್ತು ಹಾಕಿ ಹೋದ್ರ ನಿನಗ ಎಷ್ಟು ಹೊತ್ತು ಹಿಡೀತೈತಿ ಅಂತ ನೋಡೋಣ" ಅನ್ನುತ್ತಾಳೆ.